ಸುಲಭದ ಹಾದಿ, ಎತ್ತರದ ಮನೆ

ನಮ್ಮ ಊರಿನ ಬೆಟ್ಟದ ಬುಡದಲ್ಲಿ ಒಂದು ಫಲಕವಿದೆ. ‘ಸುಲಭ ಹಾದಿ. ಮಕ್ಕಳು, ವೃದ್ಧರು, ಬಾಣಂತಿಯರು ಸಹಿತ ಇಡೀ ಕುಟುಂಬಕ್ಕೆ ಸೂಕ್ತ’ ಎಂದು ಅದರ ಮೇಲೆ ಹಸಿರು ಬಣ್ಣದಲ್ಲಿ ಬರೆದಿದೆ. ಬರೆಸಿದವರು ಕುಟುಂಬ ನಡಿಗೆ ಸಮಿತಿಯ ಅಧ್ಯಕ್ಷರಾದ ನಿಜಗುಣಪ್ಪನವರು. ಅದನ್ನು ನಂಬಿ ಹತ್ತಲು ಶುರುಮಾಡಿದವರಿಗೆ ಮೊದಲ ತಿರುವಿನಲ್ಲೇ ನಿಜ ಗೊತ್ತಾಗುತ್ತದೆ. ಆದರೆ ನಮ್ಮ ಊರಿನವರು ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಹಾದಿಯಲ್ಲಿ ನಿಂತು ‘ಕಷ್ಟ’ ಎಂದವರ ಮನೆಯ ಮುಂದೆ ಬೆಳಗಾಗುವಷ್ಟರಲ್ಲಿ ಒಂದು ಮೆಟ್ಟಿಲು ಹೆಚ್ಚಾಗಿರುತ್ತದೆ. ಬೆಟ್ಟದ್ದೇ ಬೂದು ಕಲ್ಲು, ಅಂಚಿಗೆ ಪಾಚಿ ಕೂಡ ಹಿಡಿದಿರುತ್ತದೆ. ಮನೆ ಅಷ್ಟು ಮೇಲೆ ಹೋಗಿರುತ್ತದೆ.

ಹಾದಿ ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಎರಡೂ ಕಡೆ ಮನೆಯಷ್ಟು ದೊಡ್ಡ ಬಂಡೆಗಳು, ಅವುಗಳ ಸಂದಿಯಲ್ಲಿ ಈಚಲು ಮರ, ಕಾಲಿಗೆ ತಾಗಿದರೆ ಘಮ್ಮೆನ್ನುವ ಮಜ್ಜಿಗೆ ಹುಲ್ಲು, ತುದಿಯಲ್ಲಿ ನೈದಿಲೆ ಬಿಡುವ ಕೊಳ. ಇಷ್ಟೆಲ್ಲ ಇದ್ದೂ ಉದ್ದಕ್ಕೂ ಒಂದೇ ಒಂದು ಕಲ್ಲುಬೆಂಚಿಲ್ಲ. ಬೆಂಚು ಹಾಕಿದರೆ ಕೂರುವವರಿದ್ದಾರೆ ಎಂದು ಒಪ್ಪಿಕೊಂಡಂತಾಗುತ್ತದೆ. ಬದಲಿಗೆ ಪ್ರತಿ ತಿರುವಿನಲ್ಲೂ ‘ಪಕ್ಷಿ ವೀಕ್ಷಣೆಯ ಸ್ಥಳ’ ಎಂಬ ಬೋರ್ಡಿದೆ. ಉಸಿರು ಸಾಲದಾದಾಗ ಜನ ಅಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮರದ ತುದಿ ನೋಡುತ್ತಾರೆ. ನಮ್ಮಷ್ಟು ಪಕ್ಷಿಪ್ರೇಮಿಗಳಿರುವ ಊರು ಸುತ್ತಮುತ್ತಲಲ್ಲಿ ಇನ್ನೊಂದಿಲ್ಲ. ಕಾಗೆ, ಗುಬ್ಬಿ ಬಿಟ್ಟರೆ ಮೂರನೆಯ ಹಕ್ಕಿಯ ಹೆಸರು ಒಬ್ಬರಿಗೂ ಗೊತ್ತಿಲ್ಲ. ಆಗತಾನೇ ಮಾತು ಕಲಿತ ಮಕ್ಕಳನ್ನು ಬಾಯಿಗೆ ಬನ್ನು ತುರುಕಿ ಹೊತ್ತುಕೊಂಡು ಹೋಗುತ್ತಾರೆ. ಹೋಗದೆ ಮನೆಯಲ್ಲಿ ಉಳಿಯುವ ಹಾಗೂ ಇಲ್ಲ. ಭಾನುವಾರ ಹತ್ತದ ಕುಟುಂಬಕ್ಕೆ ಹತ್ತಲಾಗುವುದಿಲ್ಲ ಎಂದೇ ಊರು ತಿಳಿಯುತ್ತದೆ.

ನಿಯಮ ಹಾದಿಗೆ ಮಾತ್ರ ಸೇರಿದ್ದು. ಆದರೆ ಹೆದರಿದ ನಾಲಿಗೆಗೆ ಎಲ್ಲೆ ಗೊತ್ತಾಗುವುದಿಲ್ಲ. ಹೆರಿಗೆ ಹೇಗಾಯಿತು ಎಂದರೆ ಸುಲಭ, ಮೂಳೆ ಮುರಿದದ್ದು ಹೇಗಿದೆ ಎಂದರೆ ಸುಲಭ. ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಗಣಿತದ ಪ್ರಶ್ನೆಪತ್ರಿಕೆ ಸುಲಭವಾಗಿರುತ್ತದೆ, ಅರ್ಧ ತರಗತಿ ನಪಾಸಾಗುತ್ತದೆ. ನಾನು ಓದಲೆಂದು ಬೇರೆ ಊರಿನ ಹಾಸ್ಟೆಲಿಗೆ ಸೇರಿದಾಗ ಕೋಣೆಯ ಹುಡುಗಿಯೊಬ್ಬಳು ಮಂಚದ ಮೇಲೆ ಬಿದ್ದುಕೊಂಡು, ‘ಅಯ್ಯೋ, ಕಷ್ಟ ಕಣೇ ಇದು’ ಎಂದಳು. ನಾನು ಗಾಬರಿಯಿಂದ ಬಾಗಿಲ ಕಡೆ ನೋಡಿದೆ. ಅವಳು ಬಟ್ಟೆ ಒಗೆಯುವುದರ ಬಗ್ಗೆ ಹೇಳುತ್ತಿದ್ದಳು.

ನನ್ನ ಅಕ್ಕ ಸರ್ವಮಂಗಳ ಊರಿನ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ನೋವಿನ ಮುಲಾಮು, ಮೊಣಕಾಲಿನ ಪಟ್ಟಿ, ಬಿಸಿನೀರಿನ ಚೀಲ ನಮ್ಮಲ್ಲಿ ಖರ್ಚಾಗುವಷ್ಟು ಎಲ್ಲೂ ಖರ್ಚಾಗುವುದಿಲ್ಲ. ಎಲ್ಲರೂ ಬೇರೆ ಊರಿನ ನೆಂಟರಿಗೆಂದೇ ಕೊಳ್ಳುತ್ತಾರೆ. ಸೋಮವಾರ ಬೆಳಗ್ಗೆ ಅಂಗಡಿ ಮುಂದೆ ಕುಂಟುತ್ತ ನಿಂತ ಸಾಲನ್ನು ನೋಡಿದರೆ, ನಮ್ಮ ಊರಿನವರ ನೆಂಟರಷ್ಟು ರೋಗಿಷ್ಟರು ಲೋಕದಲ್ಲೇ ಇಲ್ಲವೆನಿಸಬೇಕು. ಅಕ್ಕ ಯಾರನ್ನೂ ಏನೂ ಕೇಳುವುದಿಲ್ಲ. ಕಾಗದದಲ್ಲಿ ಸುತ್ತಿ ಕೊಡುತ್ತಾಳೆ.

ಅಪ್ಪ ಹೊರಗಿನವರು. ದನದ ಆಸ್ಪತ್ರೆಗೆ ಕಾಂಪೌಂಡರ್ ಆಗಿ ವರ್ಗವಾಗಿ ಬಂದವರು. ಗೊಣಗುವುದು ಅವರ ಉಸಿರಾಟ. ಅಮ್ಮನನ್ನು ಮದುವೆಯಾದ ಹೊಸದರಲ್ಲಿ ಹಾದಿ ಹತ್ತಿ ತಿರುವಿಗೊಂದು ಸಲ, ಬಂಡೆಗೊಂದು ಸಲ ‘ಕಷ್ಟ, ಕಷ್ಟ’ ಎಂದರು. ಮಾರನೆಯ ಬೆಳಗ್ಗೆ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಕಾಲಿಟ್ಟವರು ಅಷ್ಟೂ ಮೆಟ್ಟಿಲು ಉರುಳಿ ಬೀದಿಗೆ ಬಂದರು. ಆಮೇಲೂ ನಂಬಲಿಲ್ಲ, ಪರೀಕ್ಷೆ ಮಾಡಿ ನೋಡುತ್ತೇನೆಂದು ಮತ್ತೆ ಹೋದರು. ಅವರು ನಂಬುವ ಹೊತ್ತಿಗೆ ನಮ್ಮ ಮನೆ ಪಕ್ಕದವರ ಹೆಂಚಿನ ಮೇಲಕ್ಕೆ ಹೋಗಿತ್ತು. ಗಾಳಿ ಚೆನ್ನಾಗಿ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡರು. ಅವರು ತೀರಿಕೊಂಡಾಗ ನಾಲ್ವರು ಚಟ್ಟ ಹೊತ್ತು ಆ ಮೆಟ್ಟಿಲಿಳಿದರು. ಕೆಳಗೆ ಬಂದಾಗ ನಾಲ್ವರ ಅಂಗಿಯೂ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಯಾರೋ ಕೇಳಿದ್ದಕ್ಕೆ ನಾಲ್ವರೂ ಸುಲಭ ಎಂದರು.

ಎತ್ತರದ ಮನೆಯೆಂದರೆ ನಮ್ಮಲ್ಲಿ ಬಾಯಿ ಹಿಡಿತವಿಲ್ಲದ ಮನೆ. ಹೆಣ್ಣು ನೋಡಲು ಬಂದವರು ಮೊದಲು ಮುಖ ನೋಡುವುದಿಲ್ಲ, ಮೆಟ್ಟಿಲು ನೋಡುತ್ತಾರೆ. ಅಕ್ಕನನ್ನು ನೋಡಲು ಬಂದವರಲ್ಲಿ ಹೆಚ್ಚಿನವರು ಬೀದಿಯಲ್ಲೇ ನಿಂತು ಕತ್ತೆತ್ತಿ ನೋಡಿ, ಬೇರೆ ಕೆಲಸ ನೆನಪಾಗಿ ಹೊರಟುಹೋದರು. ಅಮ್ಮನ ಮೊಣಕಾಲು ಊದಿಕೊಂಡ ಮೇಲೆ ಅವಳು ಕೆಳಗೆ ಇಳಿಯುವುದನ್ನೇ ಬಿಟ್ಟಳು. ಕೂತು ಕೂತು ಜಾರಿಕೊಂಡು ಇಳಿಯಬಹುದು. ಆದರೆ ಬೀದಿಯವರೆದುರು ಹಾಗೆ ಇಳಿದರೆ ‘ಕಷ್ಟ’ ಎಂದು ಕೂಗಿದಂತೆಯೇ. ಮಂಗಳನ ಮದುವೆಯೊಂದು ಆಗಲಿ, ಆಮೇಲೆ ಉರುಳಿಕೊಂಡಾದರೂ ಇಳಿಯುತ್ತೇನೆ ಎನ್ನುತ್ತಿದ್ದಳು. ಅಲ್ಲಿಯವರೆಗೆ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಟ್ಟು ತರಕಾರಿ ಕೊಳ್ಳುವಳು. ತಳ್ಳುಗಾಡಿಯವನಿಗೆ ಇದು ಗೊತ್ತಿತ್ತು. ಹುಳುಕು ಬದನೆಕಾಯಿಯನ್ನೆಲ್ಲ ನಮ್ಮ ಬುಟ್ಟಿಗೆ ಹಾಕುತ್ತಿದ್ದ. ಅಮ್ಮ ಮೇಲಿಂದ ಬೈದರೆ, ಇಳಿದು ಬಂದು ಆರಿಸಿಕೊಳ್ಳಿ ಎನ್ನುತ್ತಿದ್ದ. ಅವನ ಮುಖವನ್ನು ಅವಳು ಎಂದೂ ಹತ್ತಿರದಿಂದ ನೋಡಿರಲಿಲ್ಲ. ಅವನ ನೆತ್ತಿಯ ಬೋಳನ್ನು ಮಾತ್ರ ಚೆನ್ನಾಗಿ ಬಲ್ಲವಳಾಗಿದ್ದಳು.

ಇಂಥ ಮನೆಗೆ ನಿಜಗುಣಪ್ಪನವರ ಕಡೆಯಿಂದ ಪ್ರಸ್ತಾಪ ಬಂತು ಎಂದರೆ ಯಾರೂ ನಂಬಲಿಲ್ಲ. ಅವರ ಮನೆಯ ಹೊಸ್ತಿಲು ಬೀದಿಗೆ ಸಮ. ಊರಿನಲ್ಲಿ ಅಂಥ ಮನೆ ಬೆರಳೆಣಿಕೆಯಷ್ಟು. ಮಗ ಪ್ರಭುಲಿಂಗ ಮೆಡಿಕಲ್ ಶಾಪಿಗೆ ಅಪ್ಪನ ಪರವಾಗಿ ನೆಂಟರ ಮಾತ್ರೆ ತರಲು ಬಂದು ಬಂದು ಅಕ್ಕನನ್ನು ಮೆಚ್ಚಿಕೊಂಡಿದ್ದ. ಅಕ್ಕನಿಗೂ ಅವನು ಬೇಡವಾಗಿರಲಿಲ್ಲ. ಮಾತು ಕಡಿಮೆ, ನಗು ಚೆನ್ನಾಗಿದೆ ಎಂದಿದ್ದಳು. ನಿಶ್ಚಿತಾರ್ಥಕ್ಕೆ ಮೊದಲು ಎರಡೂ ಮನೆಯವರು ಕೂಡಿ ಹಾದಿ ಹತ್ತಿ, ಕೊಳದ ದಡದಲ್ಲಿ ಬುತ್ತಿ ಬಿಚ್ಚಿ ಉಣ್ಣಬೇಕು. ಅಲ್ಲಿಯವರೆಗೆ ಯಾರ ಬಾಯಿಂದಲೂ ಆ ಪದ ಬರದಿದ್ದರೆ ಸಂಬಂಧ ಗಟ್ಟಿ. ರಜೆಗೆ ಬಂದಿದ್ದ ನನ್ನ ಮೇಲೆ ಅಮ್ಮನಿಗೆ ನಂಬಿಕೆಯಿರಲಿಲ್ಲ. ‘ಹಾಸ್ಟೆಲಲ್ಲಿ ಕಲ್ತದ್ದನ್ನೆಲ್ಲ ಅಲ್ಲಿ ಬಿಚ್ಚಬೇಡ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ’ ಎಂದು ನನ್ನ ಕೈಗೆ ಒಂದು ಪೊಟ್ಟಣ ಕಲ್ಲುಸಕ್ಕರೆ ಕೊಟ್ಟಳು. ಬಾಯಲ್ಲಿ ಏನಾದರೂ ಇರಲಿ ಎಂದು.

ಭಾನುವಾರ ಬೆಳಗ್ಗೆ ಅಮ್ಮ ಪೂಜೆಯ ನೆಪ ಹೇಳಿ ಮನೆಯಲ್ಲುಳಿದಳು, ನಾವು ಐದು ಜನ ಹೊರಟೆವು. ಅಕ್ಕ, ನಾನು, ನಿಜಗುಣಪ್ಪನವರು, ಅವರ ಹೆಂಡತಿ ನೀಲಮ್ಮ, ಪ್ರಭುಲಿಂಗ. ನಿಜಗುಣಪ್ಪ ದಪ್ಪ ಆಸಾಮಿ. ಬಿಳಿ ಪಂಚೆ, ಬಿಳಿ ಅಂಗಿ, ಎದೆಯ ಮೇಲೆ ಸಮಿತಿಯ ಹಸಿರು ಬ್ಯಾಡ್ಜು. ಫಲಕದ ಮುಂದೆ ನಿಂತು ಅದನ್ನು ನಮಗೆ ಗಟ್ಟಿಯಾಗಿ ಓದಿ ಹೇಳಿದರು. ಮೊದಲ ತಿರುವಿನವರೆಗೆ ಅವರೇ ಮುಂದೆ ನಡೆದು, ಈ ಹಾದಿಯನ್ನು ಹೇಗೆ ಕುಟುಂಬಸ್ನೇಹಿಯಾಗಿ ಮಾಡಿದೆವು ಎಂದು ವಿವರಿಸುತ್ತ ಹೋದರು. ಮಾಡಿದ್ದೆಂದರೆ ಬೋರ್ಡು ಹಾಕಿದ್ದು. ಎರಡನೆಯ ತಿರುವಿನಲ್ಲಿ ಹಕ್ಕಿ ನೋಡಿದರು. ಮೂರನೆಯದಕ್ಕೆ ಮೊದಲೇ, ಬೋರ್ಡಿಲ್ಲದ ಕಡೆಯೂ ಹಕ್ಕಿ ನೋಡಲು ಶುರುಮಾಡಿದರು. ಮಾತು ನಿಂತಿತ್ತು. ಅಂಗಿ ಪೂರ್ತಿ ಒದ್ದೆಯಾಗಿತ್ತು. ಎಡಗೈಯನ್ನು ಬಲಗೈಯಿಂದ ಒತ್ತಿಕೊಳ್ಳುತ್ತಿದ್ದರು.

ದೊಡ್ಡ ಬಂಡೆಯ ಹತ್ತಿರ ಅವರು ಕಲ್ಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ತುಟಿ ನೇರಳೆಹಣ್ಣು ತಿಂದವರ ಹಾಗಾಗಿತ್ತು. ನೀಲಮ್ಮ ಗಂಡನ ಮುಖ ನೋಡಿದರು, ಆಮೇಲೆ ಮರ ನೋಡಿದರು. ಯಜಮಾನರಿಗೆ ಹಕ್ಕಿಯೆಂದರೆ ಪ್ರಾಣ ಎಂದರು. ಪ್ರಭುಲಿಂಗ ಮೊಬೈಲು ತೆಗೆದು, ‘ಅಪ್ಪಾಜಿ, ಸ್ವಲ್ಪ ಈ ಕಡೆ ನೋಡಿ’ ಎಂದು ಫೋಟೋ ಹಿಡಿದ. ನಿಜಗುಣಪ್ಪ ಆ ಕಡೆ ನೋಡಿ ನಗಲು ಪ್ರಯತ್ನಿಸಿದರು. ಆ ನಗುವಿನಲ್ಲೇ ನಿಧಾನಕ್ಕೆ ಕೆಳಗೆ ಜಾರಿ ಕೂತರು.

‘ಇಳಿಯೋಣ’ ಎಂದಳು ಅಕ್ಕ.

ಇಳಿಯಲು ಯಾರದ್ದೂ ಅಡ್ಡಿಯಿರಲಿಲ್ಲ. ಯಾಕೆ ಇಳಿಯುತ್ತಿದ್ದೇವೆ ಎಂಬುದಕ್ಕೆ ಒಂದು ಕಾರಣ ಬೇಕಿತ್ತು ಅಷ್ಟೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದರು ನೀಲಮ್ಮ. ಹಾಲು ಕಾಯಿಸಿ ಕುಡಿದೇ ಬಂದೆವಲ್ಲ ಎಂದ ಪ್ರಭುಲಿಂಗ. ನೀಲಮ್ಮ ಅವನನ್ನು ಸುಡುವಂತೆ ನೋಡಿದರು. ಗೇಟಿಗೆ ಚಿಲಕ ಹಾಕಿಲ್ಲ ಎಂದು ಅವನು ತಿದ್ದಿಕೊಂಡ. ಅದು ಅಧ್ಯಕ್ಷರ ಮನೆಗೆ ಒಪ್ಪುವ ಕಾರಣವೇ ಎಂದು ಇಬ್ಬರೂ ಸಣ್ಣ ದನಿಯಲ್ಲಿ ಚರ್ಚಿಸಿದರು. ಅಷ್ಟರಲ್ಲಿ ಒಂದು ಕುಟುಂಬ ಮೇಲಿಂದ ಇಳಿದು ಬಂತು, ಇನ್ನೊಂದು ಕೆಳಗಿಂದ ಹತ್ತಿ ಬಂತು. ನೆಲದ ಮೇಲೆ ಕೂತು ಬಾಯಿ ತೆರೆದು ಉಸಿರೆಳೆಯುತ್ತಿರುವ ಅಧ್ಯಕ್ಷರನ್ನು ಎಲ್ಲರೂ ನೋಡಿದರು. ಒಬ್ಬರು ಅವರ ದೃಷ್ಟಿ ಹೋದ ಕಡೆ ತಾವೂ ತಲೆಯೆತ್ತಿ, ಅಪರೂಪದ್ದೇ ಇರಬೇಕು ಎಂದರು. ಎತ್ತಲು ಯಾರೂ ಬಗ್ಗಲಿಲ್ಲ. ಎತ್ತಿದರೆ ಅವರಿಗೆ ಏನೋ ಆಗಿದೆ ಎಂದಾಗುತ್ತದೆ. ಆದದ್ದು ಏನು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಪ್ರಭುಲಿಂಗ ಅಪ್ಪನ ಬೆನ್ನ ಹಿಂದೆ ಕೈಹಾಕಿದವನು ಜನರನ್ನು ಕಂಡು ಅದೇ ಕೈಯಿಂದ ತಂದೆಯ ಅಂಗಿಯ ಧೂಳು ಕೊಡವಿದ.

ನನ್ನ ಬಾಯಲ್ಲಿ ಕಲ್ಲುಸಕ್ಕರೆ ಇತ್ತು. ಅದನ್ನು ಉಗಿದು ನಾನೇ ಹೇಳಬಹುದಿತ್ತು. ಮೆಟ್ಟಿಲು ಹೇಗೂ ಅದೇ ಮನೆಗೆ. ಆದರೆ ಬುಟ್ಟಿ ಇಳಿಬಿಡುತ್ತಿರುವ ಅಮ್ಮ ಕಣ್ಣೆದುರು ಬಂದಳು, ನಾನು ಸಕ್ಕರೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದೆ. ಅಕ್ಕ ಪ್ರಭುಲಿಂಗನನ್ನು ಒಂದು ಗಳಿಗೆ ನೋಡಿದಳು. ಅವನು ಹಕ್ಕಿ ನೋಡುತ್ತಿದ್ದ.

‘ಕಷ್ಟ ಆಗ್ತಿದೆ’ ಎಂದಳು ಅಕ್ಕ. ಬಂಡೆಗಳ ನಡುವೆ ಆ ಮಾತು ತಟ್ಟೆ ಬಿದ್ದಂತೆ ಕೇಳಿಸಿತು. ‘ಕಷ್ಟ ಇದೆ ಈ ಹಾದಿ. ಹತ್ತೋಕಾಗಲ್ಲ. ಯಾರಾದ್ರೂ ಬಂದು ಕೈ ಕೊಡಿ, ಕಷ್ಟ ಆಗ್ತಿದೆ.’ ಒಂದು ಸಲಕ್ಕೆ ನಿಲ್ಲಿಸಲಿಲ್ಲ. ಕೆಳಗಿನ ತಿರುವಿನವರಿಗೂ ಕೇಳಲೆಂದು ಗಂಟಲು ಕಟ್ಟುವವರೆಗೆ ಕೂಗಿದಳು.

ಕಷ್ಟಕ್ಕೊಬ್ಬ ವಾರಸುದಾರಳು ಸಿಕ್ಕಿದ್ದೇ ಎಲ್ಲರಿಗೂ ಜೀವ ಬಂತು. ಅಲ್ಲಿಯವರೆಗೆ ಕಂಬದಂತೆ ನಿಂತಿದ್ದ ಗಂಡಸರು ಓಡಿ ಬಂದರು. ನಿಜಗುಣಪ್ಪನವರನ್ನು ಇಬ್ಬರು ಭುಜಕ್ಕೆ, ಇಬ್ಬರು ಕಾಲಿಗೆ ಕೈಕೊಟ್ಟು ಎತ್ತಿದರು. ದಾರಿಯುದ್ದಕ್ಕೂ ಎದುರಾದವರಿಗೆಲ್ಲ ನೀಲಮ್ಮ ಅಕ್ಕನ ಕಡೆ ಬೆರಳು ತೋರಿಸಿ, ಹುಡುಗಿಗೆ ಆಗಲಿಲ್ಲ, ಅದಕ್ಕೇ ವಾಪಸು ಎನ್ನುತ್ತಿದ್ದರು. ತನ್ನ ಕಾಲ ಮೇಲೆ ನೆಟ್ಟಗೆ ಇಳಿಯುತ್ತಿರುವ ಹುಡುಗಿಗೆ ಆಗಲಿಲ್ಲವೆಂದು ನಾಲ್ವರು ಹೊತ್ತು ತರುತ್ತಿದ್ದದ್ದು ಗಂಡಸನ್ನು ಎಂಬುದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಆಸ್ಪತ್ರೆಗೆ ಹೋಗುವ ಮೊದಲು ನಿಜಗುಣಪ್ಪನವರ ಹಳೆಯ ಔಷಧದ ಚೀಟಿಗಳನ್ನು ತರಲು ನಾವು ಕೂತಿದ್ದ ಆಟೋ ಅವರ ಮನೆಯ ಕಡೆ ತಿರುಗಿತು. ಆ ಬೀದಿಗೆ ನಾನು ವರ್ಷಗಳಿಂದ ಹೋಗಿರಲಿಲ್ಲ. ಆಟೋ ತಿಣುಕುತ್ತ, ಹೊಗೆ ಬಿಡುತ್ತ ಏರತೊಡಗಿತು. ರಸ್ತೆ ಅವರ ಮನೆಯ ಮುಂದೆ ಒಂಟೆಯ ಬೆನ್ನಿನಂತೆ ಎದ್ದಿತ್ತು. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಮತ್ತೆ ಡಾಂಬರು. ಹೊಸ್ತಿಲಿಗೆ ಸಮ ಬರುವವರೆಗೆ ರಸ್ತೆಯನ್ನೇ ಎತ್ತರಿಸಿದ್ದರು. ಅಕ್ಕಪಕ್ಕದ ಮನೆಗಳು ಗುಂಡಿಯಲ್ಲಿದ್ದವು. ಅವುಗಳ ಕಿಟಕಿಯಲ್ಲಿ ನೋಡಿದರೆ ಆಟೋದ ಚಕ್ರ ಕಾಣುವ ಹಾಗೆ. ಡಾಂಬರಿನ ಒಳಗೆ ಎಷ್ಟು ಮೆಟ್ಟಿಲು ಹೂತಿವೆಯೋ, ಒಬ್ಬರೇ ಹತ್ತುವಾಗ ಆ ಮನುಷ್ಯ ಯಾವ ಯಾವ ಬಂಡೆಯ ಮುಂದೆ ನಿಂತು ನಿಜ ಹೇಳಿಕೊಂಡಿದ್ದರೋ, ಬೆಟ್ಟಕ್ಕೇ ಗೊತ್ತು. ಆಟೋದವನನ್ನು, ಏನಪ್ಪ ಈ ಏರು ಎಂದು ಕೇಳಿದೆ. ಅವನು ಗೇರು ಬದಲಾಯಿಸುತ್ತ, ಯಾವ ಏರು ಎಂದ.

ನಿಜಗುಣಪ್ಪ ಉಳಿದರು. ಸ್ವಲ್ಪ ತಡವಾಗಿದ್ದರೂ ಕೈಗೆ ಸಿಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಡಾಕ್ಟರು ಬೇರೆ ಊರಿನವರು.

ಮಾರನೆಯ ಬೆಳಗ್ಗೆ ಅಮ್ಮ ಬಾಗಿಲು ತೆರೆದಳು. ಬೀದಿ ಬಹಳ ಕೆಳಗೆ ಹೋಗಿತ್ತು. ಬುಟ್ಟಿಯ ಹಗ್ಗ ನೆಲ ಮುಟ್ಟದೆ ಗಾಳಿಯಲ್ಲಿ ತೂಗುತ್ತಿತ್ತು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು, ಬೈಗುಳಕ್ಕೆ ತಯಾರಾಗಿ. ಅಮ್ಮ ಹೊಸ ಮೆಟ್ಟಿಲುಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ‘ನಿಮ್ಮಪ್ಪ ಬಂದು ಹೋದ ಹಂಗಿದೆ’ ಎಂದು ಒಳಗೆ ಹೋಗಿ ಹಗ್ಗಕ್ಕೆ ಹಳೆಯ ಸೀರೆ ಗಂಟು ಹಾಕತೊಡಗಿದಳು.

ಮಧ್ಯಾಹ್ನ ನೀಲಮ್ಮ ಫೋನು ಮಾಡಿದರು. ಎರಡು ಮನೆಗೂ ಮಟ್ಟ ಹೊಂದುವುದಿಲ್ಲ, ತಪ್ಪು ತಿಳಿಯಬೇಡಿ ಎಂದರು. ಪ್ರಭುಲಿಂಗ ಅಂಗಡಿಯ ಕಡೆ ಬರುವುದು ನಿಲ್ಲಿಸಿದ. ಅಪ್ಪನ ಮಾತ್ರೆಗಳನ್ನು ಪಕ್ಕದ ಊರಿನಿಂದ ತರುತ್ತಾನೆಂದು ಸುದ್ದಿ ಬಂತು. ಮೂರನೆಯ ದಿನ ಅಕ್ಕ, ಅವನ ನಗು ಅಷ್ಟೇನೂ ಚೆನ್ನಾಗಿರಲಿಲ್ಲ ಎಂದಳು. ಊರಿನಲ್ಲಿ ಕಥೆ ಆಗಲೇ ಹರಡಿತ್ತು. ಹುಡುಗಿ ದಾರಿಯಲ್ಲಿ ತಲೆಸುತ್ತಿ ಬಿದ್ದಳಂತೆ, ಅಧ್ಯಕ್ಷರೇ ಎತ್ತಿಕೊಂಡು ಇಳಿದರಂತೆ, ಆ ಶ್ರಮಕ್ಕೇ ಎದೆ ಹಿಡಿದುಕೊಂಡಿತಂತೆ. ಹೊತ್ತು ತಂದ ನಾಲ್ವರಲ್ಲಿ ಒಬ್ಬರು ಅಂಗಡಿಗೆ ಬಂದು ಭುಜಕ್ಕೆ ಮುಲಾಮು ಕೊಂಡು, ಇದೇ ಕಥೆಯನ್ನು ಅಕ್ಕನಿಗೆ ಹೇಳಿ ಹೋದರು.

ನನ್ನ ರಜೆ ಮುಗಿಯುವ ಹೊತ್ತಿಗೆ ನಿಜಗುಣಪ್ಪನವರೇ ಬಂದರು. ಒಬ್ಬರೇ. ಮೆಟ್ಟಿಲು ಹತ್ತಲು ಶುರುಮಾಡಿದವರು ಅರ್ಧಕ್ಕೆ ಬಂದು ನಿಂತರು, ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದರು. ಹಕ್ಕಿಯಿರಲಿಲ್ಲ. ಕೂತರು. ಅಕ್ಕ ನೀರು ತೆಗೆದುಕೊಂಡು ಇಳಿದು ಹೋದಳು, ಹಿಂದೆಯೇ ನಾನು. ಅಮ್ಮ ಮೇಲೆ ಹೊಸ್ತಿಲಲ್ಲಿ ಕೂತಿದ್ದಳು.

ನೀರು ಕುಡಿದು ಅವರು ವಿಷಯಕ್ಕೆ ಬಂದರು. ಹೆಂಗಸರ ಮಾತು ಹಿಡಿದು ಸಂಬಂಧ ಬಿಡುವವರು ತಾವಲ್ಲ. ಸಮಿತಿಯಿಂದ ಈ ಬೀದಿಯನ್ನೂ ಎತ್ತರಿಸಿಕೊಡುತ್ತಾರೆ. ಮಣ್ಣು, ಜಲ್ಲಿ, ಡಾಂಬರು, ಹೊಸ್ತಿಲವರೆಗೆ. ಹಬ್ಬದೊಳಗೆ ಒಂದು ಮೆಟ್ಟಿಲೂ ಕಾಣುವುದಿಲ್ಲ, ತಾಯಿಯವರು ನೆಟ್ಟಗೆ ಬೀದಿಗೆ ಕಾಲಿಡಬಹುದು. ಅದಕ್ಕೆ ಅಕ್ಕ ಮಾಡಬೇಕಾದದ್ದು ಇಷ್ಟೇ. ಮುಂದಿನ ಭಾನುವಾರ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಅವತ್ತು ತಲೆಸುತ್ತು ಬಂದದ್ದು ತನಗೆ, ಅಧ್ಯಕ್ಷರಿಗೆ ಏನೂ ಆಗಿರಲಿಲ್ಲ ಎಂದು ಹೇಳಬೇಕು. ‘ಒಂದು ಮಾತು ಕಣಮ್ಮ. ಊರಿಗೆ ಗೊತ್ತಿರೋದೇ ಅದು. ನಿನ್ನ ಬಾಯಲ್ಲಿ ಬಂದ್ರೆ ಚೆನ್ನಾಗಿರುತ್ತೆ’ ಎಂದರು.

ಒಪ್ಪಿಕೊಳ್ಳಲಿ ಎಂದು ನನಗನಿಸಿತು. ಎಷ್ಟೋ ಸುಳ್ಳು ಹೇಳುವ ಊರು, ಇದೊಂದು ಹೆಚ್ಚು. ಅಮ್ಮ ಮತ್ತೆ ಬೀದಿಯಲ್ಲಿ ನಡೆಯುವುದಾದರೆ ಪಕ್ಕದವರ ಮನೆ ಗುಂಡಿಯಲ್ಲಿ ಹೋದರೆ ಹೋಗಲಿ ಎಂದುಕೊಂಡೆ. ಅಕ್ಕ ಮೇಲೆ ಅಮ್ಮನ ಕಡೆ ನೋಡಿದಳು.

‘ನಮ್ಮ ಮೆಟ್ಟಿಲು ಹೆಂಗಿದೆ ಯಜಮಾನ್ರೇ?’ ಎಂದು ಕೇಳಿದಳು ಅಕ್ಕ.

ನಿಜಗುಣಪ್ಪ ಹಣೆಯ ಬೆವರು ಒರೆಸಿಕೊಂಡರು. ಇದು ಹಾದಿಯಲ್ಲ, ಇಲ್ಲಿ ಏನು ಹೇಳಿದರೂ ಯಾರ ಮನೆಗೂ ಮೆಟ್ಟಿಲು ಬೀಳುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಬಾಯಿ ತೆರೆದರು, ಉಸಿರು ಸಾಲದೆ ಮುಚ್ಚಿದರು, ಮತ್ತೆ ತೆರೆದರು.

‘ಸುಲಭ ಇದೆಯಮ್ಮ’ ಎಂದರು. ‘ಮಕ್ಕಳೂ ಹತ್ತಬಹುದು.’

‘ಹಂಗಾದ್ರೆ ರಸ್ತೆ ಯಾಕೆ ಎತ್ತರಿಸ್ಬೇಕು?’

ಎದುರು ಮನೆಯ ಕಿಟಕಿಯಲ್ಲಿ ಯಾರೋ ಪರದೆ ಸರಿಸಿದರು. ಆಗ ಮೇಲಿಂದ ಸೀರೆ ಕಲ್ಲಿಗೆ ಉಜ್ಜುವ ಸದ್ದು ಬಂತು. ಅಮ್ಮ ಹೊಸ್ತಿಲು ಬಿಟ್ಟು ಮೊದಲ ಮೆಟ್ಟಿಲಿನ ಮೇಲೆ ಕೂತಿದ್ದಳು. ಎರಡೂ ಕೈಯೂರಿ, ಊದಿದ ಕಾಲುಗಳನ್ನು ಮುಂದೆ ಚಾಚಿ, ಎರಡನೆಯದಕ್ಕೆ ಜಾರಿದಳು. ಬೀದಿಗೆ ಕೇಳುವಂತೆ ‘ಕಷ್ಟ’ ಎಂದಳು. ಮೂರನೆಯದಕ್ಕೆ ಜಾರಿ ಮತ್ತೆ ‘ಕಷ್ಟ’ ಎಂದಳು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಪಕ್ಕದವರು ಅಂಗಳದಲ್ಲಿ ಆಡುತ್ತಿದ್ದ ಮಗುವಿನ ಕಿವಿ ಮುಚ್ಚಿ ಒಳಗೆ ಎಳೆದುಕೊಂಡರು. ಅಕ್ಕ ಕೈ ಕೊಡಲು ಹೋದಳು. ಅಮ್ಮ ಬೇಡವೆಂದಳು. ‘ನಿನ್ನ ಮದುವೆ ಆಗ್ಲಿ ಅಂತ ಕಾಯ್ತಿದ್ದೆ. ಇವರ ಮನೆಗೇ ಆಗ್ಬೇಕಿದ್ರೆ ಬೇಡ ಬಿಡು. ಬದನೆಕಾಯಿಯವನ ಮುಖ ನೋಡ್ಬೇಕು ನಾನು’ ಎಂದು ಮತ್ತೊಂದು ಮೆಟ್ಟಿಲು ಜಾರಿದಳು.

ನಿಜಗುಣಪ್ಪ ಮೆಟ್ಟಿಲಿನ ಅಗಲಕ್ಕೂ ತುಂಬಿಕೊಂಡು ಕೂತಿದ್ದರು. ಅಮ್ಮ ಅವರ ಬೆನ್ನ ಹಿಂದಿನ ಮೆಟ್ಟಿಲಿಗೆ ಬಂದು, ಕೈಚಾಚಿ ಅವರ ಭುಜ ತಟ್ಟಿದಳು.

‘ಸ್ವಲ್ಪ ಆ ಕಡೆ ಸರೀರಿ’ ಎಂದಳು. ‘ಇಳಿಯೋಕೆ ಕಷ್ಟ ಆಗ್ತಿದೆ.’